ಎಂಟನೇ ಇಯತ್ತೆಗೆ ಎರಡು ಗುಂಟೆ

ನಮ್ಮ ಶಾಲೆಯ ಒಂದೊಂದು ಫ್ಯಾನಿಗೂ ಮೂರು ರೆಕ್ಕೆ, ಮೂರರ ಮೇಲೂ ಕೊಟ್ಟವರ ಹೆಸರು. ಕೆಂಪು ಬಣ್ಣ, ದಪ್ಪ ಅಕ್ಷರ, ತಂದೆಯ ಹೆಸರು, ಅಡ್ಡಹೆಸರು ಎಲ್ಲ ಸಮೇತ. ಫ್ಯಾನು ತಿರುಗಿದರೆ ಹೆಸರು ಕಾಣುವುದಿಲ್ಲ, ನಿಂತರೆ ಗಾಳಿ ಬರುವುದಿಲ್ಲ. ಕೊಟ್ಟ ಮನೆಯವರು ಯಾರಾದರೂ ಬಂದರೆ ನಾನು ಮೆಲ್ಲಗೆ ಎದ್ದು ಸ್ವಿಚ್ ಆರಿಸುತ್ತಿದ್ದೆ. ಅವರು ಕತ್ತೆತ್ತಿ ಓದಿ, ಬೆವರು ಒರೆಸಿಕೊಂಡು, ಸಮಾಧಾನದಿಂದ ಚಹಾ ಕುಡಿದು ಹೋಗುತ್ತಿದ್ದರು. ಗಡಿಯಾರ, ತಿಜೋರಿ, ಧ್ವಜದ ಕಂಬ, ಊಟದ ತಾಟುಗಳು, ಯಾವುದನ್ನು ಮುಟ್ಟಿದರೂ ಒಂದು ಹೆಸರು. ಮತದಾರರ ಯಾದಿ ಕಳೆದುಹೋದರೆ ನಮ್ಮ ಶಾಲೆಗೆ ಬಂದು ಬರೆದುಕೊಳ್ಳಬಹುದು ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. ಯಾರಿಗೂ ಸಿಟ್ಟು ಬರುತ್ತಿರಲಿಲ್ಲ. ಕೊಡುವುದು, ಹೆಸರು ಬರೆಸುವುದು, ಆಮೇಲೆ ಶಾಲೆ ಹೇಗೆ ನಡೆಯುತ್ತದೆ ಎಂದು ಕೇಳದೆ ತಮ್ಮ ಹೊಲಕ್ಕೆ ಹೋಗುವುದು, ಇದು ಆ ಊರಿನ ರೀತಿ.

ನಾನು ಆ ಊರಿನವಳಲ್ಲ. ಬೈಲಹೊಂಗಲದಿಂದ ದಿನಾ ಸ್ಕೂಟಿಯಲ್ಲಿ ಮುರಗೋಡ ದಾಟಿ ಒಳದಾರಿ ಹಿಡಿದು ಬರುವವಳು. ಮೊದಲು ಕೆಲವು ವರ್ಷ ರಾಮದುರ್ಗದ ಕಡೆ ಕೆಲಸ ಮಾಡಿ, ವರ್ಗವಾಗಿ ಇಲ್ಲಿಗೆ ಮುಖ್ಯೋಪಾಧ್ಯಾಯಿನಿಯಾಗಿ ಬಂದೆ. ನನ್ನ ಬಾಯಿ ಸ್ವಲ್ಪ ಜೋರು. ಮನೆಯಲ್ಲಿ ಅದನ್ನು ದುರ್ಗುಣ ಎನ್ನುತ್ತಾರೆ, ಶಾಲೆಯಲ್ಲಿ ಶಿಸ್ತು ಎನ್ನುತ್ತಾರೆ.

ಅಂಥ ಊರಿಗೆ ಒಮ್ಮೆ ದಿಲ್ಲಿಯ ಯೋಜನೆಯಲ್ಲಿ ನೀರಿನ ಟಾಕಿ ಬಂತು. ಪೂರ್ತಿ ದಿಲ್ಲಿಯದಲ್ಲ, ಒಂದು ಪಾಲು ಬೆಂಗಳೂರಿನದೂ ಇತ್ತು. ಆದರೆ ಊರಿನವರಿಗೆ ಅದು ದಿಲ್ಲಿ ಟಾಕಿ. ನಮ್ಮ ಎಸ್‌ಡಿಎಂಸಿ, ಅಂದರೆ ಮಕ್ಕಳ ತಂದೆತಾಯಿಗಳೇ ಸೇರಿ ಶಾಲೆಯನ್ನು ನೋಡಿಕೊಳ್ಳುವ ಸಮಿತಿ, ಅದರ ಅಧ್ಯಕ್ಷರು ಹಿಟ್ಟಿನ ಗಿರಣಿ ಇಟ್ಟವರು. ಹುಬ್ಬಿನ ಮೇಲೆ ಸದಾ ಜೋಳದ ಹಿಟ್ಟು. ಅವರು ನನ್ನನ್ನು ಒಂದು ಮಾತೂ ಕೇಳದೆ, ಪೇಂಟರನ್ನು ಕರೆಸಿ ಟಾಕಿಯ ಮೇಲೆ ಬರೆಸಿಬಿಟ್ಟರು: "ಶ್ರೀ ಕೇಂದ್ರ ಸರ್ಕಾರ, ಸಾಕೀನ ದಿಲ್ಲಿ, ಇವರಿಂದ ಪ್ರೀತಿಯ ದೇಣಿಗೆ."

ಟಾಕಿ ತಪಾಸಣೆಗೆ ಇಲಾಖೆಯ ಇಂಜಿನಿಯರು ಬಂದರು. ಕಿತ್ತೂರಿನ ಕಡೆಯ ಹುಡುಗ, ಮೀಸೆ ಇನ್ನೂ ಸರಿಯಾಗಿ ಮೂಡಿರಲಿಲ್ಲ. ಊರಿನವರು ಅವನನ್ನು ದಿಲ್ಲಿಯ ಬೀಗನಂತೆ ಕೂರಿಸಿ, ಶಾಲು ಹೊದಿಸಿ, ಕಾಯಿ ಕೊಟ್ಟು, ರುಮಾಲು ಸುತ್ತಿದರು. "ಈ ಶಾಲು ನಿಮಗ. ಇನ್ನೊಂದು ತಂದೇವಿ, ಅದನ್ನ ದಿಲ್ಲಿಗಿ ಮುಟ್ಟಸ್ರಿ" ಎಂದರು ಅಧ್ಯಕ್ಷರು, ಕೈ ಮುಗಿದು, ಹೃದಯಪೂರ್ವಕವಾಗಿ. ಹುಡುಗ ರುಮಾಲಿನ ಕೆಳಗೆ ಬೆವರುತ್ತ ಟಾಕಿಯ ಬರಹ ಓದಿದ.

"ದೇಣಿಗಿ ಅಂತ ಬರಿಯೂಹಂಗಿಲ್ರಿ ಕಾಕಾ. ಇದು ಅನುದಾನ."

"ಎರಡಕ್ಕೂ ಏನ ಫರಕ್ರಿ ಸಾಹೇಬ್ರ?"

"ದೇಣಿಗಿ ಕೊಟ್ಟಾವ ಹೊಳ್ಳಿ ನೋಡೂದಿಲ್ಲ. ಅನುದಾನ ಕೊಟ್ಟಾವ ಫೋಟೋ ಕೇಳ್ತಾನ."

ಅವನು ಹೇಳಿದ್ದು ಸುಳ್ಳಲ್ಲ. ಟಾಕಿ ಕಟ್ಟುವ ಮೊದಲಿನ ಫೋಟೋ, ಕಟ್ಟುವಾಗಿನ ಫೋಟೋ, ಕಟ್ಟಿದ ಮೇಲಿನ ಫೋಟೋ, ಮಕ್ಕಳು ನೀರು ಕುಡಿಯುವ ಫೋಟೋ, ಎಲ್ಲವನ್ನೂ ಜಾಗದ ಗುರುತು ಸಮೇತ ಮೊಬೈಲಿನಲ್ಲಿ ತೆಗೆದು ಏರಿಸಬೇಕಿತ್ತು. ಊರ ಬರಹ ಅಳಿಸಿ, ಹೇಳಿದ ಅಳತೆಯಲ್ಲಿ, ಹೇಳಿದ ಬಣ್ಣದಲ್ಲಿ ಯೋಜನೆಯ ಫಲಕ ಬರೆಸಬೇಕಿತ್ತು. ಫಲಕವೇ ಟಾಕಿಗಿಂತ ದೊಡ್ಡದಾಗಿ ಮೂಗಿಗಿಂತ ಮೂಗುತಿ ಭಾರವಾಯಿತು. ದಾನ ಕೊಟ್ಟ ಆಕಳ ಹಲ್ಲು ನೋಡಬಾರದು ಅನ್ನುತ್ತಾರೆ, ಇಲ್ಲಿ ಕೊಟ್ಟವರೇ ತಿಂಗಳಿಗೊಮ್ಮೆ ಬಂದು ಹಲ್ಲು ಎಣಿಸುತ್ತಾರಲ್ಲ ಎಂದು ನಾನೂ ಗೊಣಗಿದ್ದುಂಟು. ಆದರೆ ನೀರು ಬಂತು, ಹುಡುಗಿಯರು ಮನೆಯಿಂದ ಬಾಟಲಿ ಹೊತ್ತು ತರುವುದು ತಪ್ಪಿತು. ಅದನ್ನೂ ಹೇಳಬೇಕು.

ನನ್ನ ನಿಜವಾದ ಸಂಕಟ ಟಾಕಿಯದಲ್ಲ. ನಮ್ಮಲ್ಲಿ ಇದ್ದದ್ದು ಏಳನೆಯವರೆಗೆ ಮಾತ್ರ. ಎಂಟನೆಗೆ ಮುರಗೋಡಕ್ಕೆ ಹೋಗಬೇಕು. ಗಂಡುಹುಡುಗರು ಸೈಕಲ್ಲೋ ಟಂಟಂ ರಿಕ್ಷಾವೋ ಹತ್ತಿ ಹೋಗುತ್ತಿದ್ದರು. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ, ಆದರೆ ಊರಿಗೆ ಬಸ್ಸೇ ಎರಡು. ಬೆಳಗಿನದು ಶಾಲೆಯ ಗಂಟೆ ಹೊಡೆದ ಮೇಲೆ ಮುಟ್ಟುತ್ತದೆ, ಸಂಜೆಯದು ದೀಪ ಹಚ್ಚುವ ಹೊತ್ತಿಗೆ ತಿರುಗುತ್ತದೆ. ಹೀಗಾಗಿ ಏಳನೆ ಮುಗಿಸಿದ ಹುಡುಗಿಯರು ಮುಂದಿನ ಜೂನಿನಲ್ಲಿ ಶಾಲೆಯ ಬೇಲಿಯ ಆಚೆ ಎಮ್ಮೆ ಹೊಡೆದುಕೊಂಡು ಹೋಗುತ್ತ ನನಗೆ "ನಮಸ್ಕಾರ್ರಿ ಅಕ್ಕೋರ" ಎನ್ನುತ್ತಿದ್ದರು. ಭಿನ್ನರಾಶಿ ಬಾಯಿಪಾಠವಿದ್ದ ಹುಡುಗಿಯರು. ಆ ನಮಸ್ಕಾರ ಕೇಳಿದ ದಿನ ನನಗೆ ಊಟ ಸೇರುತ್ತಿರಲಿಲ್ಲ.

ಎಂಟನೇ ಇಯತ್ತೆ ಬೇಕು ಎಂದು ವರ್ಷಗಟ್ಟಲೆ ಅರ್ಜಿ ಹಾಕಿದೆವು. ಕೊನೆಗೊಮ್ಮೆ ಅದೇ ದಿಲ್ಲಿಯ ಯೋಜನೆಯಲ್ಲಿ ಎರಡು ಕೋಣೆ ಮಂಜೂರಾದವು, ಕೋಣೆ ಎದ್ದರೆ ಎಂಟನೆಯೂ ಬರುತ್ತದೆ ಎಂದರು. ಷರತ್ತು ಒಂದೇ. ಕೋಣೆ ಕಟ್ಟುವ ಜಾಗದ ಪಹಣಿ ಉತಾರ ಶಾಲೆಯ ಹೆಸರಿನಲ್ಲಿ, ಅಂದರೆ ಇಲಾಖೆಯ ಹೆಸರಿನಲ್ಲಿ ಇರಬೇಕು. ಮಾರ್ಚ್ ಮುಗಿಯುವುದರೊಳಗೆ ಕಾಗದ ಮುಟ್ಟದಿದ್ದರೆ ಮಂಜೂರಾತಿ ಹೊಳ್ಳಿ ಹೋಗುತ್ತದೆ.

ಶಾಲೆಯ ಹಿಂದೆ ಎರಡು ಗುಂಟೆ ಬಯಲಿತ್ತು. ಮಕ್ಕಳು ಖೋಖೋ ಆಡುವ ಜಾಗ. ನಾನು ಬಂದಂದಿನಿಂದ ಅದು ಶಾಲೆಯದೇ ಎಂದುಕೊಂಡಿದ್ದೆ. ಉತಾರ ತೆಗೆಸಿ ನೋಡಿದರೆ ಅದು ಇನ್ನೂ ಆಯಿಯ ಹೆಸರಿನಲ್ಲಿತ್ತು.

ಆಯಿ ಎಂದರೆ ಶಾಲೆಯ ಬೆನ್ನಿಗೆ ಅಂಟಿದ ಮನೆಯ ಅಜ್ಜಿ. ಊರಿಗೆಲ್ಲ ಆಯಿ. ಮಗ ಸೊಸೆ ಹೊಲ ನೋಡುತ್ತಿದ್ದರು, ಈಕೆ ಶಾಲೆ ನೋಡುತ್ತಿದ್ದಳು. ಯಾರನ್ನೂ ಕೇಳದೆ ಹಿತ್ತಲ ಬಾಗಿಲಿನಿಂದ ಒಳಗೆ ಬಂದು, ಸೀದಾ ನಾಲ್ಕನೆಯ ವರ್ಗಕ್ಕೆ ಹೊಕ್ಕು, "ಯಾಕಲೇ, ಮೂಗ ಒರಸ್ಕೋ" ಎಂದು ಬೈದು, ಬಿಸಿಯೂಟದ ಸಾರಿನಲ್ಲಿ ಬೆರಳು ಅದ್ದಿ ರುಚಿ ನೋಡಿ, "ಉಪ್ಪ ಸಾಲೂದಿಲ್ಲ" ಎಂದು ತೀರ್ಪು ಕೊಟ್ಟು ಹೋಗುವಾಕೆ. ಮೇಲಧಿಕಾರಿಗಳು ಕೂತಿದ್ದಾಗಲೂ ಹಾಗೆಯೇ. ಒಮ್ಮೆ ತಪಾಸಣೆಗೆ ಬಂದ ಸಾಹೇಬರನ್ನೇ "ನೀ ಯಾವೂರಾಂವೋ ತಮ್ಮಾ" ಎಂದು ವಿಚಾರಿಸಿ, ಅವರ ಊರಿನಲ್ಲಿ ತನ್ನ ಬೀಗರಿದ್ದಾರೆಂದು ಪತ್ತೆಹಚ್ಚಿ ಅರ್ಧ ತಾಸು ಮಾತಾಡಿದ್ದಳು. ಅಂದು ತಪಾಸಣೆ ಬಹಳ ಸಸಾರವಾಗಿ ಮುಗಿಯಿತು. ಇಡೀ ಶಾಲೆಯಲ್ಲಿ ಎಲ್ಲಿಯೂ ಹೆಸರು ಬರೆಸದ ದಾನಿ ಈಕೆ ಒಬ್ಬಳೇ ಎಂಬುದು ನನಗೆ ಉತಾರ ನೋಡಿ ಊರವರನ್ನು ವಿಚಾರಿಸಿದ ಮೇಲೆ ತಿಳಿಯಿತು.

ಸುಲಭದ ಕೆಲಸ ಎಂದುಕೊಂಡೆ. ಒಂದು ದಾನಪತ್ರ, ಒಂದು ಹೆಬ್ಬೆಟ್ಟು. ಅಧ್ಯಕ್ಷರನ್ನು ಕರೆದುಕೊಂಡು ಮನೆಗೆ ಹೋದೆ. ಆಯಿ ರೊಟ್ಟಿ ಬಡಿಯುತ್ತಿದ್ದಳು. ನಾನು ಹೇಳಿದ್ದನ್ನೆಲ್ಲ ಕೇಳಿದಳು.

"ಆ ಜಾಗಾ ನಾ ಕೊಟ್ಟು ಬಿಟ್ಟೇನಲ್ರಿ ಅಕ್ಕೋರ. ನಮ್ಮ ಮನಿಯವರಿದ್ದಾಗನ, ಭೂಮಿತಾಯಿ ಉಡಿ ತುಂಬಿ, ಐದು ಮಂದಿ ಮುಂದ ಕೊಟ್ಟೇವಿ."

"ಗೊತ್ತೈತ್ರಿ ಆಯಿ. ಕಾಗದದ ಮ್ಯಾಲ ಇಲ್ಲ, ಅದಕ್ಕ."

"ಕೊಟ್ಟದ್ದನ್ನ ಮತ್ತ ಹೆಂಗ ಕೊಡ್ಲಿ? ಮದಿವಿ ಮಾಡಿ ಕೊಟ್ಟ ಮಗಳನ್ನ ಇನ್ನೊಮ್ಮಿ ಧಾರಿ ಎರಿ ಅಂತೀರೇನು? ಇವತ್ತ ಹೆಬ್ಬಟ್ಟ ಒತ್ತಿದ್ರ, ಇಷ್ಟ ದಿನ ಕೊಟ್ಟಿರಲಿಲ್ಲ ಅಂತ ಆತು. ಐದು ಮಂದಿ ಮುಂದ ನಾ ಸುಳ್ಳ ಹೇಳಿದಂಗ ಆತು."

ಆ ಐದು ಮಂದಿಯಲ್ಲಿ ಒಬ್ಬರೂ ಈಗ ಬದುಕಿರಲಿಲ್ಲ. ಅದು ಅವಳಿಗೆ ಲೆಕ್ಕವೇ ಅಲ್ಲ. ಅಧ್ಯಕ್ಷರು ಕಾಗದ ಬಿಚ್ಚಿ ಓದಿದರು. ಯಾರಿಗೆ ಕೊಟ್ಟದ್ದು ಎಂಬ ಜಾಗದಲ್ಲಿ ಸರ್ಕಾರ, ಇಲಾಖೆ ಎಂದೆಲ್ಲ ಇತ್ತು, ಊರಿನ ಹೆಸರು ಕೊನೆಗೆಲ್ಲೋ ವಿಳಾಸದಲ್ಲಿತ್ತು. ಆಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ನಾ ಕೊಟ್ಟದ್ದು ಸಾಲಿಗಿ. ದಿಲ್ಲಿಗಲ್ಲ. ಆ ತ್ವಾಟದ ಸಾಲಿ ಏನಾತು, ನೋಡೀರಿಲ್ಲೋ?"

ನೋಡಿದ್ದೆ. ಮೂರು ಮೈಲಿ ಆಚೆ ತೋಟದ ಮನೆಗಳ ಮಕ್ಕಳಿಗಾಗಿ ಒಂದು ಪುಟ್ಟ ಶಾಲೆಯಿತ್ತು. ಮಕ್ಕಳು ಕಡಿಮೆಯಾದರು ಎಂದು ಬೇರೆ ಶಾಲೆಯಲ್ಲಿ ಸೇರಿಸಿ ಅದನ್ನು ಮುಚ್ಚಿದರು. ಅಲ್ಲಿಯವರು ಒಂದು ದಿನ ಮಳೆ ಬಂದಾಗ ಶೇಂಗಾ ಚೀಲ ಒಳಗಿಡೋಣ ಎಂದರೆ ಕೀಲಿ ತಾಲೂಕಿನ ಆಫೀಸಿನಲ್ಲಿತ್ತು. ತಮ್ಮ ಕೈಯಿಂದ ಕಲ್ಲು ಹೊತ್ತು ಕಟ್ಟಿದ ಕಟ್ಟಡದ ಮುಂದೆ ಅವರು ತಾಡಪಾಲು ಹಿಡಿದುಕೊಂಡು ನಿಂತಿದ್ದರು. ಆಯಿಯ ಭಯ ಸುಳ್ಳಲ್ಲ. ಎದುರಿನವರ ಮಾತು ಸರಿ ಅನ್ನಿಸಿದಾಗ ನನಗೆ ಸಿಟ್ಟು ಬರುತ್ತದೆ.

ಹೀಗೆ ಮೂರು ಸಲ ಹೋಗಿ ಬಂದೆ. ನಾಲ್ಕನೆಯ ಸಲ ಒಬ್ಬಳೇ ಹೋದೆ. ಬೆಳಿಗ್ಗೆ ಆಫೀಸಿನಿಂದ ಫೋನು ಬಂದು, ಇನ್ನು ಹದಿನೈದು ದಿನ ಮಾತ್ರ ಎಂದಿದ್ದರು. ಆಯಿ ಮತ್ತೆ ಅದೇ ಮಾತು ಎತ್ತಿದಳು. ನನ್ನ ಬಾಯಿ ನನ್ನ ಕೈಯಲ್ಲಿ ಉಳಿಯಲಿಲ್ಲ.

"ಮಾತಿನ ನೆಪಾ ಬ್ಯಾಡ್ರಿ ಆಯಿ. ಎರಡು ಗುಂಟೆ ಮಣ್ಣಿನ ಆಸೆ ನಿಮಗ ಇನ್ನೂ ಬಿಟ್ಟಿಲ್ಲ. ಅದಕ್ಕ ಆ ಹುಡಿಗ್ಯಾರು ಎಮ್ಮಿ ಕಾಯ್ಲಿ ಅಂತೀರಿ."

ಹೇಳಿದ ಗಳಿಗೆಯಲ್ಲೇ ನಾಲಿಗೆ ಕಚ್ಚಿಕೊಂಡೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಯಿ ಹಂಚಿನ ಮೇಲಿನ ರೊಟ್ಟಿ ತೆಗೆದು, ಶೇಂಗಾ ಚಟ್ನಿಪುಡಿ ಹಾಕಿ, ಮೇಲೆ ಎಣ್ಣೆ ಬಿಟ್ಟು ನನ್ನ ಮುಂದಿಟ್ಟಳು. "ಉಂಡು ಹೋಗ್ರಿ" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ರೊಟ್ಟಿ ಬಿಟ್ಟು ಏಳಲು ಆಗಲಿಲ್ಲ. ಪೂರ್ತಿ ಉಂಡೇ ಬಂದೆ.

ಮರುದಿನದಿಂದ ಆಯಿ ಶಾಲೆಗೆ ಬರುವುದು ನಿಂತಿತು. ಹಿತ್ತಲ ಬಾಗಿಲು ತೆರೆಯಲಿಲ್ಲ. ಸಾರಿಗೆ ಉಪ್ಪು ಸಾಕೋ ಬೇಕೋ ಹೇಳುವವರಿಲ್ಲದೆ ಅಡುಗೆಯವಳು ನನ್ನನ್ನು ಕೇಳತೊಡಗಿದಳು. ನನಗೇನು ತಿಳಿಯುತ್ತದೆ, ನನ್ನ ಮನೆಯಲ್ಲೇ ನಾನು ಅಡುಗೆ ಮಾಡಿದ ದಿನ ಎಲ್ಲರೂ ಉಪ್ಪಿನಡಬ್ಬಿ ಹತ್ತಿರ ಇಟ್ಟುಕೊಳ್ಳುತ್ತಾರೆ. ಮಕ್ಕಳು ಮೂಗು ಒರೆಸಿಕೊಳ್ಳದೆ ಓಡಾಡಿದರು. ಆಕೆಯ ಗದ್ದಲವಿಲ್ಲದ ಶಾಲೆ ನನಗೆ ಬೇಸರವಾಯಿತು. ಕ್ಷಮೆ ಕೇಳಲು ಎರಡು ಸಲ ಆಕೆಯ ಬಾಗಿಲ ತನಕ ಹೋಗಿ, ಇವಳು ಮತ್ತೆ ಹೆಬ್ಬೆಟ್ಟಿಗೇ ಬಂದಿದ್ದಾಳೆ ಅಂದುಕೊಂಡರೆ ಎಂದು ಹೆದರಿ ಹಿಂದಕ್ಕೆ ಬಂದೆ.

ಏಳನೆಯವರ ಬೀಳ್ಕೊಡುಗೆ ಬಂತು. ಪ್ರತಿ ವರ್ಷ ಅಂದು ಹೆಣ್ಣುಮಕ್ಕಳಿಗೆ ಉಡಿ ತುಂಬುವವಳು ಆಯಿಯೇ. ಅಧ್ಯಕ್ಷರು ಹೋಗಿ ಕರೆದರು. ಬಂದಳು. ನನ್ನ ಕಡೆ ನೋಡದೆ ಮುಂದಿನ ಸಾಲಿನಲ್ಲಿ ಕೂತಳು.

ನಮ್ಮಲ್ಲಿ ಅಂದು ಒಬ್ಬೊಬ್ಬರೇ ಎದ್ದು ಎರಡು ಮಾತು ಹೇಳುವ ಪದ್ಧತಿ. ಗಂಡುಹುಡುಗರು ಎದ್ದರು. ನಾನು ಮುರಗೋಡದಾಗ ಕಲಿತೇನಿ, ನಾನು ಸವದತ್ತಿ ಹಾಸ್ಟೆಲ್ಲಿಗೆ ಹೊಕ್ಕೇನಿ, ನಾನು ಪೊಲೀಸ ಆಕ್ಕೇನಿ. ಆಮೇಲೆ ಹುಡುಗಿಯರ ಪಾಳಿ. ಮೊದಲನೆಯವಳು ಎದ್ದು, "ಎಲ್ಲಾರಿಗೂ ನಮಸ್ಕಾರ" ಎಂದು ಕೂತಳು. ಎರಡನೆಯವಳೂ ಅಷ್ಟೇ. ಮೂರನೆಯವಳೂ ಅಷ್ಟೇ. ಒಂಬತ್ತು ಹುಡುಗಿಯರು, ಒಂಬತ್ತು ನಮಸ್ಕಾರ. ನಾನೇನೂ ಹೇಳಿಕೊಟ್ಟಿರಲಿಲ್ಲ.

ಆಯಿ ಅಧ್ಯಕ್ಷರ ಕಡೆ ಬಾಗಿದಳು. ಅವಳ ಪಿಸುಮಾತು ಎಂದರೆ ಮೂರು ಮನೆಗೆ ಕೇಳುವಂಥದ್ದು. "ಇವು ಯಾಕೋ ಏನೂ ಹೇಳವಲ್ಲವು?"

"ಏನ ಹೇಳ್ತಾವ ಆಯಿ. ಮುಂದ ಸಾಲಿ ಎಲ್ಲೈತಿ ಅವಕ್ಕ?"

ಅಧ್ಯಕ್ಷರು ಅದನ್ನು ಚುಚ್ಚಬೇಕೆಂದು ಹೇಳಲಿಲ್ಲ, ಇದ್ದದ್ದನ್ನು ಹೇಳಿದರು. ಆಯಿ ಎದ್ದು ಒಂಬತ್ತು ಜನರಿಗೂ ಉಡಿ ತುಂಬಿದಳು. ಕೊನೆಯ ಹುಡುಗಿಯ ಗದ್ದ ಹಿಡಿದು ಮುಖ ಎತ್ತಿ ನೋಡಿದಳು. ಆಮೇಲೆ ಮನೆಗೆ ಹೋದಳು.

ಮರುದಿನ ನಾನು ಶಾಲೆಯ ಮುಂದೆ ಸ್ಕೂಟಿ ನಿಲ್ಲಿಸಿದರೆ, ಅಧ್ಯಕ್ಷರ ಹಿಟ್ಟು ಮೆತ್ತಿದ ಟಂಟಂ ನಿಂತಿತ್ತು. ಒಳಗೆ ಆಯಿ, ಹೊಸ ಇಳಕಲ್ ಸೀರೆ ಉಟ್ಟು, ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು.

"ಹತ್ರಿ ಅಕ್ಕೋರ. ಸವದತ್ತಿಗಿ ಹೋಗೂಣು."

ದಾರಿಯುದ್ದಕ್ಕೂ ನಾನು ರಸ್ತೆ ಬದಿಯ ಹೊಲ ನೋಡುತ್ತ ಕೂತೆ. ಬಾಯಿ ಬಿಟ್ಟರೆ ಅಳುತ್ತೇನೋ ಜಗಳವಾಡುತ್ತೇನೋ ನನಗೇ ಗೊತ್ತಿರಲಿಲ್ಲ.

ನೋಂದಣಿ ಕಚೇರಿಯಲ್ಲಿ ಕಾಗದ ಮೊದಲೇ ಸಿದ್ಧವಿತ್ತು. ಅಧ್ಯಕ್ಷರು ಬೆಳಿಗ್ಗೆಯೇ ಫೋನು ಮಾಡಿದ್ದರಿಂದ ಇಲಾಖೆಯ ಪರವಾಗಿ ಒಬ್ಬರು ಬಂದಿದ್ದರು. ಮಧ್ಯಾಹ್ನದ ಹೊತ್ತಿಗೆ ನಮ್ಮ ಪಾಳಿ ಬಂತು. ನೋಂದಣಿ ಮಾಡುವ ಸಾಹೇಬರು ಎಲ್ಲರಿಗೂ ಕೇಳುವ ಪ್ರಶ್ನೆಯನ್ನೇ ತಲೆ ಎತ್ತದೆ ಕೇಳಿದರು. "ಅಜ್ಜೀ, ಸ್ವಂತ ಖುಷಿಯಿಂದ ಕೊಡಾಕತ್ತೀರೋ, ಯಾರರ ಒತ್ತಾಯ ಮಾಡ್ಯಾರೋ?"

"ಒತ್ತಾಯ ಮಾಡ್ಯಾರ" ಎಂದಳು ಆಯಿ. ನನ್ನ ಕಡೆ ಬೆರಳು ತೋರಿಸಿದಳು. "ಈ ಅಕ್ಕೋರು ಮನಿಗಿ ಬಂದು ಜಗಳಾ ತಗದ್ರು. ಮಣ್ಣಿನ ಆಸೆ ಅಂದ್ರು."

ಸಾಹೇಬರು ಪೆನ್ನು ಕೆಳಗಿಟ್ಟರು. ಇಲಾಖೆಯವರು ನನ್ನನ್ನು ನೋಡಿದರು. ಅಧ್ಯಕ್ಷರ ಮುಖ ಅವರ ಹುಬ್ಬಿನಷ್ಟೇ ಬೆಳ್ಳಗಾಯಿತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಎಂಟನೇ ಇಯತ್ತೆ ನನ್ನ ನಾಲಿಗೆಯಿಂದಲೇ ಮುಳುಗಿತು ಎಂದುಕೊಂಡೆ.

"ಹಂಗಾದ್ರ ನೋಂದಣಿ ಮಾಡಾಕ ಬರೂದಿಲ್ಲ ಅಜ್ಜೀ" ಎಂದರು ಸಾಹೇಬರು.

"ಪೂರಾ ಕೇಳೋ ತಮ್ಮಾ. ಒತ್ತಾಯ ಮಾಡ್ಯಾರ ಖರೆ. ಒತ್ತಾಯಕ್ಕ ಬಂದಾಕಿ ಅಲ್ಲ ನಾ. ಅಷ್ಟಕ್ಕ ಬರಾಕಿದ್ರ ಎಂಟು ದಿನದ ಹಿಂದ ಬರ್ತಿದ್ನಿ. ನಿನ್ನಿ ಒಂಬತ್ತು ಹುಡಿಗ್ಯಾರು ಎದ್ದು ನಿಂತು ಏನೂ ಹೇಳದ ಕುಂತವು. ಅದಕ್ಕ ಬಂದೇನಿ. ಖುಷಿಯಿಂದ ಅಂತ ಬರಕೋ."

ಸಾಹೇಬರು ಪೆನ್ನು ಎತ್ತಿಕೊಂಡರು. ಆಕೆ ಹೆಬ್ಬೆಟ್ಟು ಒತ್ತಿದಳು, ಯಂತ್ರದಲ್ಲೊಮ್ಮೆ, ಕಾಗದದ ಮೇಲೆ ಹಲವು ಸಲ. ಹೊರಗೆ ಬಂದಾಗ ನಾನು ಎಲ್ಲರ ಮುಂದೆ ಆಕೆಯ ಕಾಲು ಮುಟ್ಟಿ, "ತಪ್ಪಾತ್ರಿ ಆಯಿ" ಎಂದೆ. "ಆತು ಬಿಡವ್ವಾ. ನಿನ್ನ ಬಾಯಿ ಹಂಗ, ನಿನ್ನ ಮನಸ್ಸ ಹಂಗಿಲ್ಲ" ಎಂದಳು. ಮೊದಲ ಸಲ ನನ್ನನ್ನು ಏಕವಚನದಲ್ಲಿ ಕರೆದದ್ದು. ನನಗೆ ಯಾವ ಬಡ್ತಿಯೂ ಅಷ್ಟು ಸಂತೋಷ ಕೊಟ್ಟಿರಲಿಲ್ಲ. ಅಂದು ಸವದತ್ತಿಯ ಬಸ್‌ಸ್ಟ್ಯಾಂಡಿನ ಹತ್ತಿರ ಎಲ್ಲರೂ ಮಿರ್ಚಿ ಭಜಿ ತಿಂದೆವು. ಆಯಿ ಅದಕ್ಕೂ ಉಪ್ಪು ಸಾಲದು ಎಂದಳು.

ಬೇಸಿಗೆ ರಜೆಯಲ್ಲೇ ಕೋಣೆಗಳು ಎದ್ದವು. ಮೀಸೆ ಮೂಡಿದ ಅದೇ ಇಂಜಿನಿಯರು ನಿಂತು ಕಟ್ಟಿಸಿದ. ಪ್ರತಿ ಹಂತದಲ್ಲೂ ಫೋಟೋ ಹೋಯಿತು. ಕಿಟಕಿಗಳು ಮೂಡಣಕ್ಕಿದ್ದರೆ ಬೆಳಕು ಚೆನ್ನ ಎಂದು ಊರಿನವರು ಹೇಳಿದರು. ನಕ್ಷೆ ಮೇಲಿನಿಂದ ಬಂದದ್ದು, ಕಿಟಕಿ ಪಡುವಣಕ್ಕೇ ಆದವು. ಮಧ್ಯಾಹ್ನ ಮೂರರ ಬಿಸಿಲು ಈಗಲೂ ಕರಿಹಲಗೆಯ ಮೇಲೆ ಹೊಡೆಯುತ್ತದೆ, ನಾವು ಹಳೆಯ ಸೀರೆ ಕಟ್ಟಿದ್ದೇವೆ. ಅದರ ಬಗ್ಗೆ ಬರೆದ ಪತ್ರಕ್ಕೆ ಉತ್ತರ ಬಂದಿಲ್ಲ.

ಜೂನಿನಲ್ಲಿ ಎಂಟನೆ ಆರಂಭವಾಯಿತು. ಒಂಬತ್ತು ಹುಡುಗಿಯರೂ ಬಂದರು. ಮುರಗೋಡಕ್ಕೆ ಹೆಸರು ಹಚ್ಚಿದ್ದ ಇಬ್ಬರು ಹುಡುಗರೂ ಟಂಟಂ ಬೇಡವೆಂದು ಹೊಳ್ಳಿ ಬಂದರು. ಮೊದಲ ದಿನ ನಾನೇ ಗಣಿತ ತೆಗೆದುಕೊಂಡೆ. ಹಲಗೆಯ ಮೇಲೆ ಲೆಕ್ಕ ಬರೆಯುತ್ತಿದ್ದೆ, ಹಿಂದೆ ಮಕ್ಕಳ ಗುಸುಗುಸು ಒಮ್ಮೆಲೇ ನಿಂತಿತು. ತಿರುಗಿ ನೋಡಿದೆ.

ಬಾಗಿಲಲ್ಲಿ ಆಯಿ. ಚಪ್ಪಲಿ ಹೊರಗೆ ಬಿಟ್ಟು, ಸೆರಗು ತಲೆಯ ಮೇಲೆ ಎಳೆದುಕೊಂಡು, ಹೊಸ್ತಿಲಿನ ಆಚೆ ನಿಂತಿದ್ದಳು.

"ಒಳಗ ಬರ್ಲೇನ್ರಿ ಅಕ್ಕೋರ?"

ಇಷ್ಟು ವರ್ಷಗಳಲ್ಲಿ ಆಕೆ ನನ್ನನ್ನು ಅಪ್ಪಣೆ ಕೇಳಿದ್ದೇ ಇಲ್ಲ. ನನಗೆ ಸಿಟ್ಟು ಬಂತು. "ಇದೇನ್ರಿ ಆಯಿ, ನಿಮ್ಮ ಸಾಲಿಯೊಳಗ ಬರಾಕ ನನ್ನ ಕೇಳ್ತೀರೇನು?" ಎಂದೆ.

"ಅದು ಆಗ. ಈಗ ಕಾಗದದ ಮ್ಯಾಲ ಕೊಟ್ಟೇನಲ್ಲವಾ. ಕೊಟ್ಟ ಮ್ಯಾಲ ಕೇಳೇ ಬರಬೇಕು."

ಹೇಳಿ ಅಲ್ಲೇ ನಿಂತಳು. ಒಂಬತ್ತು ಹುಡುಗಿಯರೂ ಎದ್ದು ನನ್ನ ಮುಖ ನೋಡುತ್ತಿದ್ದರು. ನಾನು ಅನ್ನುವ ತನಕ ಆಕೆ ಹೊಸ್ತಿಲು ದಾಟುವವಳಲ್ಲ ಎಂದು ನನಗೆ ಗೊತ್ತಾಯಿತು.

"ಬರ್ರಿ" ಎಂದೆ.